ಯಾರೂ ಕೂತಿಲ್ಲ, ಫ್ಯಾನ್ ಯಾಕೆ ಕೂಗ್ತಿದೆ?

(1/11)
ಮೊದಲ ಫೋಟೋ ಸ್ವಲ್ಪ ಸರಿಯಾಗಿ ನೋಡಿ. ನಮ್ಮ ಹಾಲ್‌ನ ಮೂಲೆ. ಮರದ ಮೇಜು, ಮೇಲೆ ಮಾನಿಟರ್, ಕೆಳಗೆ ಕಪ್ಪು ಕ್ಯಾಬಿನೆಟ್. ಅದಕ್ಕೆ ತಾಗಿಕೊಂಡೇ ಅಪ್ಪನ ಮಂಚ. ಆ ಮಂಚ ಅಲ್ಲಿ ಇಲ್ಲದೇ ಹೋಗಿದ್ದರೆ ಕಳ್ಳ ಇವತ್ತಿಗೂ ನಮ್ಮ ಮನೆಯೊಳಗೇ ಇರ್ತಿದ್ದ.

ಹೊಸದಾಗಿ ಫಾಲೋ ಮಾಡ್ತಿರೋರಿಗೆ ಎರಡು ಮಾತು. ನಾನು ಕೆಜಿಎಫ್‌ನವಳು, ಮನೆ ರಾಬರ್ಟ್‌ಸನ್‌ಪೇಟೆ. ಆರು ವರ್ಷ ದಿನಾ ರೈಲಲ್ಲಿ ಬೆಂಗಳೂರಿಗೆ ಹೋಗಿ ಬಂದು ಮಾಡಿದ್ದೀನಿ. ಉರಿಗಾಂನಲ್ಲಿ ಹತ್ತಿದರೆ ಬಂಗಾರಪೇಟೆ ದಾಟೋ ಹೊತ್ತಿಗೆ ಕಾಲಿಡೋಕೂ ಜಾಗ ಇರಲ್ಲ, ಆ ರೈಲು ಗೊತ್ತಿರೋರಿಗೆ ಹೆಚ್ಚು ಹೇಳಬೇಕಿಲ್ಲ. ಅಪ್ಪನಿಗೆ ಉಸಿರಾಟದ ತೊಂದರೆ ಜಾಸ್ತಿ ಆದಮೇಲೆ ಆಡಿಟರ್ ಆಫೀಸಿನ ಕೆಲಸ ಬಿಟ್ಟೆ. ಈಗ ಮನೆಯಿಂದಲೇ ಅಂಗಡಿಗಳ ಲೆಕ್ಕ ಬರೀತೀನಿ, ಜಿಎಸ್‌ಟಿ ರಿಟರ್ನ್ ಹಾಕ್ತೀನಿ. ಕೆಜಿಎಫ್, ಬಂಗಾರಪೇಟೆ ಎರಡೂ ಸೇರಿ 14 ಅಂಗಡಿ.

ಹಳೇ ಲ್ಯಾಪ್‌ಟಾಪ್ ಕೈಕೊಟ್ಟಾಗ ಅಪ್ಪ ಏನೂ ಮಾತಾಡದೆ ತಮ್ಮ ಪಾಸ್‌ಬುಕ್ ತಂದು ನನ್ನ ಮುಂದಿಟ್ರು. ಗಣಿ ಮುಚ್ಚಿದಾಗ ಬಂದ ದುಡ್ಡಲ್ಲಿ ಉಳಿದಿದ್ದ ಕೊನೇ ಭಾಗ ಅದು. ಬಂಗಾರಪೇಟೆಯ ಒಂದು ಸಣ್ಣ ಅಂಗಡಿಯಲ್ಲಿ ಬಿಡಿಭಾಗ ಜೋಡಿಸಿ ಡೆಸ್ಕ್‌ಟಾಪ್ ಮಾಡಿಸಿದೆ. 41,500 ರೂಪಾಯಿ. ಹುಡುಗ ಒಳ್ಳೆಯವನು, ಕೆಲಸ ಬಲ್ಲವನು. ಕೊನೆಗೆ ಒಂದು ಪ್ರಶ್ನೆ ಕೇಳಿದ: "ಅಕ್ಕಾ, ಒರಿಜಿನಲ್ ವಿಂಡೋಸ್ ಬೇಕಾ? ಅದಕ್ಕೆ ದುಡ್ಡು ಬೇರೆ. ಇಲ್ಲಾಂದ್ರೆ ನಾನೇ ಹಾಕ್ಕೊಡ್ತೀನಿ, ಎಲ್ರಿಗೂ ಹಾಗೇ ಕೊಡೋದು."

"ಹಾಗೇ ಹಾಕು" ಅಂದೆ. ಈ ಮಾತು ನೆನಪಿಟ್ಕೊಳ್ಳಿ. ಮುಂದೆ ನಾನು ಯಾರನ್ನು ಬೈದರೂ ಮೊದಲು ಬೈಸಿಕೊಳ್ಳಬೇಕಾದವಳು ನಾನೇ.

(2/11)
ಮೊದಲ ಮೂರು ದಿನ ಫ್ಯಾನ್ ಸದ್ದು ಜಾಸ್ತಿ ಇತ್ತು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ನೀವೂ ಕೆಡಿಸಿಕೊಳ್ಳಬೇಡಿ, ಯಾಕಂದ್ರೆ ಹೊಸ ಕಂಪ್ಯೂಟರ್ ಮೊದಲ ಒಂದೆರಡು ದಿನ ಒದ್ದಾಡೋದು ಸಹಜ.

ಹೊಸ ಮನೆಗೆ ಹೋದ ವಾರ ಹೇಗಿರುತ್ತೆ ಹೇಳಿ? ಡಬ್ಬ ಬಿಚ್ಚೋದು, ಪಾತ್ರೆ ಜೋಡಿಸೋದು, ನಲ್ಲಿ ಸರಿ ಮಾಡಿಸೋದು. ಕಂಪ್ಯೂಟರೂ ಹಾಗೇ. ಬಾಕಿ ಇರೋ ಅಪ್‌ಡೇಟ್ ಎಲ್ಲಾ ಒಟ್ಟಿಗೆ ಇಳಿಸ್ಕೊಳ್ಳುತ್ತೆ. ನೀವು ಹಾಕಿದ ಫೈಲುಗಳನ್ನೆಲ್ಲ ಓದಿ, ಹುಡುಕಿದಾಗ ತಕ್ಷಣ ಸಿಗಲಿ ಅಂತ ಸೂಚಿ ಮಾಡ್ಕೊಳ್ಳುತ್ತೆ, ಇದಕ್ಕೆ ಇಂಡೆಕ್ಸಿಂಗ್ ಅಂತಾರೆ. ಜೊತೆಗೇ ಆಂಟಿವೈರಸ್ ಪ್ರತಿ ಫೈಲನ್ನೂ ಮುಟ್ಟಿ ನೋಡುತ್ತೆ. ಫೋಟೋಗಳನ್ನ ಕ್ಲೌಡ್‌ಗೆ ಕಳಿಸೋ ವ್ಯವಸ್ಥೆ ಇದ್ರೆ ಅದೂ ಸೇರಿಕೊಳ್ಳುತ್ತೆ. ಇವೆಲ್ಲ ಪ್ರೊಸೆಸರ್‌ನ ಶೇ 30, 50, ಕೆಲವು ಸಲ ಅದಕ್ಕಿಂತ ಹೆಚ್ಚೂ ತಿನ್ನಬಹುದು.

ಇನ್ನೂ ಒಂದು ವಿಷಯ. ಈ ಕೆಲಸಗಳಲ್ಲಿ ಬಹಳಷ್ಟು ನೀವು ಎದ್ದು ಹೋದಾಗಲೇ ಶುರುವಾಗೋದು. ನಿಮ್ಮ ಕೆಲಸಕ್ಕೆ ಅಡ್ಡಿ ಆಗಬಾರದು ಅಂತ ಹಾಗೆ ಮಾಡಿಟ್ಟಿದ್ದಾರೆ. ಆದ್ದರಿಂದ "ನಾನಿಲ್ಲದಾಗ ಫ್ಯಾನ್ ಕೂಗುತ್ತೆ" ಅನ್ನೋದೊಂದೇ ಕಳ್ಳತನಕ್ಕೆ ಸಾಕ್ಷಿ ಅಲ್ಲ.

ಆದರೆ ಮನೆ ಜೋಡಿಸೋ ಕೆಲಸಕ್ಕೆ ಒಂದು ಕೊನೆ ಇರಬೇಕು. ಎರಡು ದಿನ, ಹೆಚ್ಚಂದ್ರೆ ನಾಲ್ಕು ದಿನ. ನಮ್ಮ ಮನೆಯಲ್ಲಿ ಒಂದು ವಾರ ಕಳೀತು, ಹತ್ತು ದಿನ ಆಯ್ತು. ಊಟ ಮುಗಿಸಿ ಬಂದು ಕೂತರೆ ಕ್ಯಾಬಿನೆಟ್ ಒಳಗೆ ಮಿಕ್ಸಿ ತಿರುಗ್ತಿರೋ ಹಾಗೆ ಸದ್ದು.

(3/11)
ಈ ಫೋಟೋದಲ್ಲಿರೋದು ಟಾಸ್ಕ್ ಮ್ಯಾನೇಜರ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ತೆರೆಯುತ್ತೆ. ಸಿಪಿಯು ಅಂತ ಬರೆದಿರೋ ಕಾಲಂ ಮೇಲೆ ಒಂದು ಸಲ ಒತ್ತಿ. ಹೆಚ್ಚು ತಿನ್ನೋ ಪ್ರೋಗ್ರಾಂ ಮೇಲಕ್ಕೆ ಬರುತ್ತೆ. ಅಷ್ಟೇ, ಭಯ ಪಡೋ ವಿದ್ಯೆ ಏನಲ್ಲ.

ನಾನು ಮೊದಲ ದಿನ ಮಾಡಿದ ತಪ್ಪು ಹೇಳ್ತೀನಿ, ನಗಬೇಡಿ. ಡೀಟೇಲ್ಸ್ ಅನ್ನೋ ಪುಟದಲ್ಲಿ "ಸಿಸ್ಟಂ ಐಡಲ್ ಪ್ರೋಸೆಸ್" ಮುಂದೆ 96 ಅಂತ ಇತ್ತು. ಸಿಕ್ಕಿಬಿದ್ದ ಅಂದ್ಕೊಂಡೆ! ಅದರ ಅರ್ಥ ಉಲ್ಟಾ. ಶೇ 96ರಷ್ಟು ಪ್ರೊಸೆಸರ್ ಸುಮ್ಮನೆ ಕೂತಿದೆ ಅಂತ. ಆ ಸಂಖ್ಯೆ ದೊಡ್ಡದಿದ್ದಷ್ಟೂ ಒಳ್ಳೇದು. ಅದನ್ನ ನಿಲ್ಲಿಸೋಕೆ ಹೋಗಬೇಡಿ.

"ಸಿಸ್ಟಂ ಇಂಟರಪ್ಟ್ಸ್" ಅನ್ನೋದು ಮಾತ್ರ ಸದಾ ಮೇಲೆ ಕೂತಿದ್ರೆ ಗಮನ ಕೊಡಿ. ಆಗ ಬಹುಪಾಲು ತೊಂದರೆ ಇರೋದು ಯಾವುದೋ ಡ್ರೈವರ್‌ನಲ್ಲಿ, ಇಲ್ಲಾ ಚುಚ್ಚಿರೋ ಸಾಧನದಲ್ಲಿ. ಯುಎಸ್‌ಬಿಗೆ ಹಾಕಿರೋದನ್ನ ಒಂದೊಂದಾಗಿ ಕಿತ್ತು ನೋಡಿ.

ನನ್ನ ಕಥೆಗೆ ಬರೋಣ. ಫ್ಯಾನ್ ಕೂಗ್ತಿರೋವಾಗ ಓಡಿ ಬಂದು ಟಾಸ್ಕ್ ಮ್ಯಾನೇಜರ್ ತೆರೀತಿದ್ದೆ. ಮೊದಲ ಕ್ಷಣ 100. ಮರುಕ್ಷಣ 40, ಆಮೇಲೆ 3. ಪಟ್ಟಿಯಲ್ಲಿ ಅನುಮಾನ ಪಡೋ ಹೆಸರೇ ಇಲ್ಲ. ಎರಡು ನಿಮಿಷದಲ್ಲಿ ಫ್ಯಾನ್ ತಣ್ಣಗೆ.

ಟಾಸ್ಕ್ ಮ್ಯಾನೇಜರ್ ತೆರೆಯೋ ಕ್ಷಣಕ್ಕೆ ಅದೇ ಸ್ವಲ್ಪ ಪ್ರೊಸೆಸರ್ ಬಳಸೋದರಿಂದ ಆ ಮೊದಲ ಏರಿಕೆ ಎಲ್ಲರ ಮನೆಯಲ್ಲೂ ಇರುತ್ತೆ. ಹಾಗಾಗಿ ಅದೇ ಇರಬೇಕು ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಮೇಷ್ಟ್ರು ಬಂದ ತಕ್ಷಣ ಇಡೀ ಕ್ಲಾಸು ಪುಸ್ತಕಕ್ಕೆ ತಲೆ ಹಾಕಿದ್ರೆ ಮೇಷ್ಟ್ರಿಗೆ ಅನುಮಾನ ಬರಬೇಕು. ನನಗೆ ಬರಲಿಲ್ಲ.

(4/11)
ಬಿಸಿಯಿಂದಲೇ ಇರಬಹುದು ಅನ್ಕೊಂಡು ಕ್ಯಾಬಿನೆಟ್ ಹೊತ್ಕೊಂಡು ಬಂಗಾರಪೇಟೆಗೆ ಹೊರಟೆ. ಬಸ್ಸಲ್ಲಿ ಪಕ್ಕದ ಸೀಟಿಗೆ ಟಿಕೆಟ್ ಕೊಡಲಾ ಅಂತ ಕಂಡಕ್ಟರ್ ತಮಾಷೆ ಮಾಡಿದ್ರು.

ಈ ಅನುಮಾನ ತಪ್ಪೇನೂ ಅಲ್ಲ. ಪ್ರೊಸೆಸರ್ ಮೇಲೆ ಕೂರೋ ಕೂಲರ್‌ನ ತಳಕ್ಕೆ ಕೆಲವು ಸಲ ಪ್ಲಾಸ್ಟಿಕ್ ಹಾಳೆ ಅಂಟಿರುತ್ತೆ, ಜೋಡಿಸೋವಾಗ ಕಿತ್ತು ಹಾಕೋದು ಮರೆತ್ರೆ ಶಾಖ ಹೊರಗೆ ಹೋಗಲ್ಲ. ನಡುವೆ ಹಚ್ಚೋ ಪೇಸ್ಟ್ ಕಡಿಮೆ ಆದ್ರೂ ಅಷ್ಟೇ. ತುಂಬಾ ಬಿಸಿ ಆದ ಪ್ರೊಸೆಸರ್ ತನ್ನನ್ನ ತಾನು ಉಳಿಸ್ಕೊಳ್ಳೋಕೆ ವೇಗ ಇಳಿಸ್ಕೊಳ್ಳುತ್ತೆ. ವೇಗ ಇಳಿದ್ರೆ ಅದೇ ಕೆಲಸಕ್ಕೆ ಹೆಚ್ಚು ಹೊತ್ತು, ಆಗ ಬಳಕೆಯ ಶೇಕಡಾವಾರು ಕೂಡ ಏರಿದ ಹಾಗೆ ಕಾಣುತ್ತೆ.

ಹುಡುಗ ಬಿಚ್ಚಿ ನೋಡಿದ. ಹಾಳೆ ಇಲ್ಲ, ಪೇಸ್ಟ್ ಸರಿ ಇದೆ, ಫ್ಯಾನ್ ಬಿಗಿಯಾಗಿದೆ. ಆದ್ರೂ ಹಳೇ ಪೇಸ್ಟ್ ಒರೆಸಿ ಹೊಸದು ಹಚ್ಚಿದ. ಒಂದು ಗಂಟೆ ಆನ್ ಮಾಡಿಟ್ವಿ. ಸದ್ದೇ ಇಲ್ಲ! "ಅಕ್ಕಾ, ಇಂಡೆಕ್ಸಿಂಗ್ ಅಷ್ಟೇ. ನೀವು ಸುಮ್ನೆ ಟೆನ್ಷನ್ ಮಾಡ್ಕೊಳ್ತೀರ" ಅಂದ. ದುಡ್ಡೂ ತಗೊಳ್ಳಲಿಲ್ಲ.

ನನಗೂ ನಾಚಿಕೆ ಆಯ್ತು. ಸ್ಟೇಷನ್ ಕಡೆ ಬಂದು ಒಂದು ಪ್ಲೇಟ್ ಪಾನಿಪುರಿ ತಿಂದೆ. ನಮ್ಮ ಬಂಗಾರಪೇಟೆ ಪಾನಿಪುರಿಯ ನೀರಿಗೆ ಬಣ್ಣ ಇರಲ್ಲ, ನಲ್ಲಿ ನೀರಿನ ಹಾಗೆ ತಿಳಿಯಾಗಿರುತ್ತೆ. ಬಾಯಿಗಿಟ್ರೆ ಮಾತ್ರ ಖಾರ ನೆತ್ತಿಗೇರುತ್ತೆ. ಕಣ್ಣಿಗೆ ಕಾಣದೇ ಇದ್ದ ಮಾತ್ರಕ್ಕೆ ಏನೂ ಇಲ್ಲ ಅಂತ ಅಲ್ಲ.

ಆವತ್ತು ಒಂದು ವಿಷಯ ನಾವಿಬ್ಬರೂ ಗಮನಿಸಲಿಲ್ಲ. ಅಂಗಡಿಯಲ್ಲಿ ಆ ಕ್ಯಾಬಿನೆಟ್‌ಗೆ ನೆಟ್ ಕೇಬಲ್ ಹಾಕಿರಲಿಲ್ಲ.

(5/11)
ಈ ಫೋಟೋ ಕ್ಯಾಲೆಂಡರ್‌ನದ್ದು. ಹಿಂದಿನ ತಿಂಗಳ ಹಾಳೆಯ ಹಿಂಬದಿ. ಪೆನ್ಸಿಲ್ ಅಕ್ಷರ ಅಪ್ಪಂದು.

ಅಪ್ಪ ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡಿದವರು. ಡ್ರಿಲ್ ಸದ್ದಿಗೆ ಅವರ ಎರಡೂ ಕಿವಿ ಮಂದ. ಫ್ಯಾನ್ ಸದ್ದು ಅವರಿಗೆ ಕೇಳಲ್ಲ. ಆದರೆ ಮಂಚ ಮೇಜಿಗೆ ತಾಗಿಕೊಂಡಿದೆಯಲ್ಲ, ರಾತ್ರಿ ಆ ನಡುಕ ಅವರ ಬೆನ್ನಿಗೆ ಗೊತ್ತಾಗ್ತಿತ್ತಂತೆ. ಕೈ ಚಾಚಿ ಕ್ಯಾಬಿನೆಟ್ ಮೇಲೆ ಅಂಗೈ ಇಟ್ಟು ನೋಡ್ತಿದ್ರಂತೆ. ಬಿಸಿ ಇದ್ರೆ ಸಮಯ ಬರೆದಿಡೋದು.

"ರಾತ್ರಿ 11.40 ಬಿಸಿ. 2.15 ಬಿಸಿ. 4.30 ಬಿಸಿ." ಹೀಗೆ 12 ರಾತ್ರಿ. ಕಂಪ್ಯೂಟರ್ ಯಾಕೆ ಆಫ್ ಮಾಡ್ತಿರಲಿಲ್ಲ ಅಂತ ಕೇಳ್ತೀರ, ಗೊತ್ತು. ರಾತ್ರಿ ಬ್ಯಾಕಪ್ ಹೋಗಲಿ ಅಂತ ನಾನೇ ಆನ್ ಬಿಡ್ತಿದ್ದೆ.

ಅಪ್ಪ ಆ ಹಾಳೆ ನನ್ನ ಕೈಗೆ ಕೊಟ್ಟು, "ನೀನು ಎದ್ದು ಹೋದಮೇಲೆ ಇದಕ್ಕೆ ಕೆಲಸ ಜಾಸ್ತಿ ಕಣಮ್ಮ. ಬಂಡೆ ಸುಮ್ನೆ ಬಿಸಿ ಆಗಲ್ಲ" ಅಂದ್ರು. ನಾನು ಇಂಡೆಕ್ಸಿಂಗ್ ಪಾಠ ಶುರು ಮಾಡಿದೆ. ಅವರು ಪೂರ್ತಿ ಕೇಳಿ, ಎರಡು ಸಾಲಿನ ಮೇಲೆ ಬೆರಳಿಟ್ರು. ಎರಡು ರಾತ್ರಿ "ತಣ್ಣಗೆ" ಅಂತ ಇತ್ತು. ಬೆಳಗಿನ ತನಕ ತಣ್ಣಗೆ.

ಒಂದು ರಾತ್ರಿ ನಮ್ಮ ಬೀದಿಗೇ ಇಂಟರ್ನೆಟ್ ಇರಲಿಲ್ಲ, ಅದು ನೆನಪಿತ್ತು. ಇನ್ನೊಂದು ರಾತ್ರಿ? ಬಹಳ ಹೊತ್ತು ಯೋಚಿಸಿದ ಮೇಲೆ ಹೊಳೀತು. ಅವತ್ತು ನಾನು ಟಾಸ್ಕ್ ಮ್ಯಾನೇಜರ್ ಮುಚ್ಚದೇ ಹಾಗೇ ಮಲಗಿದ್ದೆ.

ಮೈ ಜುಂ ಅಂತು. ಇಂಡೆಕ್ಸಿಂಗ್‌ಗೆ ಟಾಸ್ಕ್ ಮ್ಯಾನೇಜರ್ ಕಂಡ್ರೆ ಯಾಕೆ ಭಯ?

(6/11)
ಅನುಮಾನ ಒಂದು, ಪುರಾವೆ ಇನ್ನೊಂದು. ಟಾಸ್ಕ್ ಮ್ಯಾನೇಜರ್ ತೆರೆದ್ರೆ ಅಡಗಿಕೊಳ್ಳೋದನ್ನ ಟಾಸ್ಕ್ ಮ್ಯಾನೇಜರ್‌ನಲ್ಲೇ ಹಿಡಿಯೋದು ಹೇಗೆ? ಕಂಪ್ಯೂಟರ್‌ನ ಹೊರಗಿನಿಂದ ಅಳೀಬೇಕು. ಇದನ್ನ ಹೇಳಿದ್ದೂ ಅಪ್ಪನೇ: "ಮೀಟರ್ ಸುಳ್ಳು ಹೇಳಲ್ಲ."

ಫೋಟೋದಲ್ಲಿ ನಮ್ಮ ಕರೆಂಟ್ ಮೀಟರ್ ಇದೆ. ಅದರ ಮೇಲೆ ಒಂದು ಕೆಂಪು ದೀಪ ಮಿನುಗುತ್ತಲ್ಲ, ಪಕ್ಕದಲ್ಲಿ 3200 ಅಂತ ಬರೆದಿದೆ. ಅಂದ್ರೆ 3200 ಸಲ ಮಿನುಗಿದ್ರೆ ಒಂದು ಯೂನಿಟ್. ನಿಮ್ಮ ಮೀಟರ್‌ನಲ್ಲಿ ಸಂಖ್ಯೆ ಬೇರೆ ಇರಬಹುದು, ನೋಡಿಕೊಳ್ಳಿ.

ರಾತ್ರಿ ಫ್ರಿಜ್, ಲೈಟು, ಸೀಲಿಂಗ್ ಫ್ಯಾನ್ ಎಲ್ಲಾ ಆಫ್. ಕಂಪ್ಯೂಟರ್ ಮತ್ತು ರೂಟರ್ ಮಾತ್ರ ಆನ್. ಮಾನಿಟರ್ ಕೂಡ ಆಫ್. ಪ್ರತಿ ಸಲ ಹದಿನೈದು ನಿಮಿಷ ಕೀಬೋರ್ಡ್, ಮೌಸ್ ಮುಟ್ಟದೇ ಬಿಟ್ಟು, ಆಮೇಲೆ ಐದು ನಿಮಿಷ ಎಣಿಸೋದು. ಅಪ್ಪ ಟಾರ್ಚ್ ಹಿಡ್ಕೊಂಡು ಗಡಿಯಾರ ನೋಡಿದ್ರು, ನಾನು ಎಣಿಸಿದೆ.

ಟಾಸ್ಕ್ ಮ್ಯಾನೇಜರ್ ತೆರೆದಿದ್ದಾಗ: 12.
ಮುಚ್ಚಿದಾಗ: 30.
ಮುಚ್ಚಿ, ನೆಟ್ ಕೇಬಲ್ ಕಿತ್ತಾಗ: 12.

ನಂಬಿಕೆ ಬರಲಿಲ್ಲ. ಮತ್ತೆ ಎರಡು ಸಲ ಮಾಡಿದ್ವಿ. ಒಂದೆರಡು ಹೆಚ್ಚುಕಡಿಮೆ ಅಷ್ಟೇ, ಲೆಕ್ಕ ಅದೇ.

ಐದು ನಿಮಿಷಕ್ಕೆ 12 ಅಂದ್ರೆ ಸುಮಾರು 45 ವ್ಯಾಟ್. 30 ಅಂದ್ರೆ ಸುಮಾರು 112 ವ್ಯಾಟ್. ನಡುವಿನ 67 ವ್ಯಾಟ್ ಯಾರಿಗೋಸ್ಕರ ಉರೀತಿದೆ. ದಿನಕ್ಕೆ 16 ಗಂಟೆ ಅಂತ ಇಟ್ಟರೂ ತಿಂಗಳಿಗೆ 32 ಯೂನಿಟ್. ಗೃಹಜ್ಯೋತಿ ಬಂದಮೇಲೆ ನಮ್ಮ ಮನೆಗೆ ಬರ್ತಿದ್ದಿದ್ದು ಶೂನ್ಯ ಬಿಲ್. ಆ ತಿಂಗಳು ಮೊದಲ ಸಲ ಮಿತಿ ದಾಟಿ, ಕಟ್ಟಬೇಕಾದ ಮೊತ್ತ ಬಂತು.

(7/11)
ಇನ್ನು ಒಳಗೆ ಹುಡುಕೋ ಕೆಲಸ. ನೀವು ಮಾಡಬೇಕಾಗಿ ಬಂದ್ರೆ ಈ ಎರಡು ಜಾಗ ಮೊದಲು ನೋಡಿ.

ಒಂದು, ವಿಂಡೋಸ್ ಸೆಕ್ಯುರಿಟಿ ಒಳಗೆ ಎಕ್ಸ್‌ಕ್ಲೂಷನ್ಸ್ ಅನ್ನೋ ಪಟ್ಟಿ. ಆಂಟಿವೈರಸ್ ಯಾವ ಯಾವ ಜಾಗ ನೋಡಬಾರದು ಅಂತ ಬರೆದಿರೋ ಪಟ್ಟಿ ಅದು. ಮನೆ ಕಂಪ್ಯೂಟರ್‌ನಲ್ಲಿ ಸಾಮಾನ್ಯವಾಗಿ ಖಾಲಿ ಇರಬೇಕು. ನಮ್ಮದರಲ್ಲಿ ಸಿ ಡ್ರೈವ್ ಪೂರ್ತಿ ಇತ್ತು. ಕಾವಲುಗಾರನ್ನ ಬಾಗಿಲಲ್ಲಿ ನಿಲ್ಲಿಸಿ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ.

ಎರಡು, ಟಾಸ್ಕ್ ಶೆಡ್ಯೂಲರ್. ಯಾವ ಪ್ರೋಗ್ರಾಂ ಯಾವಾಗ ತಾನಾಗೇ ಶುರುವಾಗಬೇಕು ಅನ್ನೋದು ಇಲ್ಲಿರುತ್ತೆ. ವಿಂಡೋಸ್ ಅಪ್‌ಡೇಟ್‌ನದ್ದೇ ಅನ್ನಿಸೋ ಹೆಸರಿನ ಒಂದು ಸಾಲು. ಆದರೆ ಅದು ಓಡಿಸ್ತಿದ್ದ ಫೈಲ್ ಇದ್ದಿದ್ದು ವಿಂಡೋಸ್ ಫೋಲ್ಡರ್‌ನಲ್ಲಿ ಅಲ್ಲ, ನನ್ನದೇ ಹೆಸರಿನ ಫೋಲ್ಡರ್‌ನೊಳಗೆ, ಮರೆಮಾಡಿಟ್ಟ ಜಾಗದಲ್ಲಿ. ಹುಟ್ಟಿದ ತಾರೀಕು? ಕಂಪ್ಯೂಟರ್ ಜೋಡಿಸಿದ ದಿನ, ವಿಂಡೋಸ್ ಹಾಕಿದ ಅರ್ಧ ಗಂಟೆಗೆ.

ಪಟ್ಟಿಯಿಂದ ಸಿ ಡ್ರೈವ್ ತೆಗೆದು, ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಿದೆ. ವಿಂಡೋಸ್ ಪೂರ್ತಿ ಏಳೋ ಮುಂಚೆಯೇ ಹುಡುಕೋ ಸ್ಕ್ಯಾನ್ ಇದು, ಅಡಗಿಕೊಳ್ಳೋರಿಗೆ ಅವಕಾಶ ಕಡಿಮೆ. ಫಲಿತಾಂಶದಲ್ಲಿ ಬಂದ ಹೆಸರಿನ ಕೊನೇ ಪದ: ಕಾಯಿನ್‌ಮೈನರ್.

ವಿಂಡೋಸ್ ಲೈಸೆನ್ಸ್ ಇಲ್ಲದೇ ಓಡಲಿ ಅಂತ ಹಾಕೋ "ಆಕ್ಟಿವೇಟರ್" ಜೊತೆ ಬಂದಿತ್ತು ಅದು. ಆ ಥರದ ಪ್ರೋಗ್ರಾಂಗಳು ಮೊದಲು ಹೇಳೋದೇ "ಆಂಟಿವೈರಸ್ ಆಫ್ ಮಾಡಿ" ಅಂತ. ಮನೆಗೆ ಬರೋನು ಮೊದಲು ನಾಯಿ ಕಟ್ಟಿಹಾಕಿ ಅಂದ್ರೆ ನಾವು ಯೋಚನೆ ಮಾಡ್ತೀವಿ. ಇಲ್ಲಿ ಮಾಡಲ್ಲ.

(8/11)
ಅಪ್ಪನಿಗೆ ಹೇಳಿದೆ, "ಒಳಗೆ ಇದ್ದಿದ್ದು ಮೈನರ್ ಅಪ್ಪಾ."
"ಯಾವ ಶಾಫ್ಟು?" ಅಂದ್ರು. ಇಬ್ಬರೂ ನಕ್ಕು ನಕ್ಕು ಅವರಿಗೆ ಕೆಮ್ಮು ಬಂತು.

ಆಮೇಲೆ ವಿವರಿಸಿದೆ, ನಿಮಗೂ ಹೇಳ್ತೀನಿ. ಕ್ರಿಪ್ಟೋ ನಾಣ್ಯಗಳ ಲೆಕ್ಕದ ಪುಸ್ತಕ ಯಾವ ಒಂದು ಬ್ಯಾಂಕಿನ ಹತ್ತಿರವೂ ಇರಲ್ಲ. ಹೊಸ ಪುಟ ಸೇರಿಸೋ ಹಕ್ಕಿಗೆ ಕಂಪ್ಯೂಟರ್‌ಗಳು ಪೈಪೋಟಿಯಲ್ಲಿ ಕೋಟಿ ಕೋಟಿ ಲೆಕ್ಕ ಹಾಕಿ ಉತ್ತರ ಹುಡುಕ್ತವೆ. ಗೆದ್ದವರಿಗೆ ನಾಣ್ಯ. ಇದನ್ನೇ ಮೈನಿಂಗ್ ಅಂತಾರೆ. ಬಿಟ್‌ಕಾಯಿನ್‌ಗೆ ಈಗ ಅದಕ್ಕೇ ಮಾಡಿದ ಯಂತ್ರ ಬೇಕು. ಆದರೆ 2014ರಲ್ಲಿ ಶುರುವಾದ ಮೊನೆರೋ ಅನ್ನೋ ನಾಣ್ಯದ ಲೆಕ್ಕವನ್ನ 2019ರಿಂದ ಮನೆ ಕಂಪ್ಯೂಟರ್‌ನ ಪ್ರೊಸೆಸರ್‌ಗೇ ಅನುಕೂಲ ಆಗೋ ಹಾಗೆ ಬದಲಾಯಿಸಿದ್ದಾರೆ. ಉದ್ದೇಶ ಕೆಟ್ಟದ್ದಲ್ಲ, ಸಾಮಾನ್ಯರೂ ಪಾಲ್ಗೊಳ್ಳಲಿ ಅಂತ. ಕಳ್ಳರಿಗೂ ಅದೇ ಅನುಕೂಲ ಆಯ್ತು. ಲೆಕ್ಕದ ಕೆಲಸ ಇಂಟರ್ನೆಟ್‌ನಲ್ಲೇ ಬರಬೇಕು, ಉತ್ತರ ಅಲ್ಲೇ ಹೋಗಬೇಕು. ಅದಕ್ಕೇ ಕೇಬಲ್ ಕಿತ್ತಾಗ ತಣ್ಣಗಾಗಿದ್ದು.

"ಎಷ್ಟು ಸಿಗುತ್ತೆ ಅವನಿಗೆ?" ಅಪ್ಪ ಕೇಳಿದ್ರು. ನಮ್ಮ ಮನೆಯಿಂದ ದಿನಕ್ಕೆ ಪುಡಿಗಾಸು. ಕರೆಂಟಿನ ಖರ್ಚೂ ಹುಟ್ಟಲ್ಲ.

ಅಪ್ಪ ಸುಮ್ಮನಾದ್ರು. ನಮ್ಮೂರಿಗೆ ಕರೆಂಟ್ ಬಂದಿದ್ದೇ ಗಣಿಗೋಸ್ಕರ. 1902ರಲ್ಲಿ ಶಿವನಸಮುದ್ರದಿಂದ 92 ಮೈಲಿ ತಂತಿ ಎಳೆದು ತಂದ್ರು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದಿದ್ದು 1905ರಲ್ಲಿ, ಆಮೇಲೆ. ಆ ಗಣಿಯನ್ನ 2001ರ ಫೆಬ್ರವರಿ 28ಕ್ಕೆ ಮುಚ್ಚಿದ್ರು, ಚಿನ್ನ ತೆಗೆಯೋ ಖರ್ಚು ಚಿನ್ನದ ಬೆಲೆಗಿಂತ ಜಾಸ್ತಿ ಅಂತ.

"ಖರ್ಚು ಹುಟ್ಟಲ್ಲ ಅಂತ ನಮ್ಮನ್ನ ಮನೆಗೆ ಕಳಿಸಿದ್ರು. ಇವನಿಗೆ ಖರ್ಚೇ ಇಲ್ಲವಲ್ಲ, ಖರ್ಚು ನಮ್ಮದು" ಅಂದ್ರು. ಸ್ವಲ್ಪ ಹೊತ್ತಾದ ಮೇಲೆ, "ನಮಗೆ ಹಾಜರಿನಾದ್ರೂ ಹಾಕ್ತಿದ್ರು."

(9/11)
ಇಲ್ಲೀವರೆಗೆ ಓದಿ "ಫೈಲ್ ಡಿಲೀಟ್ ಮಾಡಿ ಮುಗಿಸಬಹುದಿತ್ತಲ್ಲ" ಅಂತ ನಿಮಗನ್ನಿಸಿದ್ರೆ, ನನಗೂ ಹಾಗೇ ಅನ್ನಿಸಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಕರೆಂಟ್ ಹೋಗಿದ್ದಕ್ಕಲ್ಲ.

ಆ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ 14 ಅಂಗಡಿಗಳ ಜಿಎಸ್‌ಟಿ ಪಾಸ್‌ವರ್ಡ್ ಸೇವ್ ಆಗಿತ್ತು. ಯಾರು ಯಾರಿಂದ ಕೊಂಡರು, ಎಷ್ಟಕ್ಕೆ ಮಾರಿದರು, ಎಲ್ಲಾ ಅದರಲ್ಲಿ. ಆಂಟಿವೈರಸ್‌ನ ಕಣ್ಣು ಕಟ್ಟಿ ಒಳಗೆ ಬಂದವನು ಗಣಿ ಮಾತ್ರ ತೋಡಿದನಾ, ಬೀರುವಿನ ಕೀಲಿಯನ್ನೂ ಅಚ್ಚು ತೆಗೆದುಕೊಂಡನಾ? ಅದನ್ನ ಹೊರಗಿಂದ ಖಚಿತವಾಗಿ ಹೇಳೋ ದಾರಿ ನನ್ನ ಹತ್ತಿರ ಇರಲಿಲ್ಲ.

ಸುಮ್ಮನಿರಬಹುದಿತ್ತು. ಯಾರಿಗೂ ಗೊತ್ತಾಗ್ತಿರಲಿಲ್ಲ. ಒಬ್ಬರೂ ಒಂದು ರೂಪಾಯಿ ಕಳ್ಕೊಂಡಿರಲಿಲ್ಲ. ಎರಡು ವರ್ಷ ಕಷ್ಟಪಟ್ಟು ಕಟ್ಟಿದ ಹೆಸರು, ಒಬ್ಬೊಬ್ಬರಾಗಿ ಸೇರಿದ ಗಿರಾಕಿಗಳು.

ಬೆಳಗ್ಗೆ ಅಪ್ಪನ ಫೋನ್ ತಗೊಂಡು ಒಬ್ಬೊಬ್ಬರಿಗೇ ಕರೆ ಮಾಡಿದೆ. "ಅಣ್ಣಾ, ನನ್ನ ಕಂಪ್ಯೂಟರ್‌ನಲ್ಲಿ ಕಳ್ಳ ಪ್ರೋಗ್ರಾಂ ಇತ್ತು. ನಿಮ್ಮ ಪಾಸ್‌ವರ್ಡ್ ಹೋಗಿರಬಹುದು, ಹೋಗದೇನೂ ಇರಬಹುದು. ಈಗಲೇ ಬದಲಾಯಿಸೋಣ. ತಪ್ಪು ನಂದೇ." ಕೆಲವರಿಗೆ ಕನ್ನಡದಲ್ಲಿ, ಕೆಲವರಿಗೆ ತಮಿಳಿನಲ್ಲಿ, ಇಬ್ಬರಿಗೆ ತೆಲುಗಿನಲ್ಲಿ. ತಪ್ಪು ಒಪ್ಪಿಕೊಳ್ಳೋದು ಯಾವ ಭಾಷೆಯಲ್ಲೂ ಸುಲಭ ಇಲ್ಲ.

ಹನ್ನೆರಡು ಜನ "ಸರಿ ಮಗಳೇ", "ಸರಿ ಮೇಡಂ" ಅಂದ್ರು. ಒಬ್ಬರು ಅರ್ಧ ಗಂಟೆ ಬೈದು ಆಮೇಲೆ ಒಟಿಪಿ ಹೇಳಿದ್ರು. ಒಬ್ಬರು ಆ ವಾರವೇ ಲೆಕ್ಕದ ಪುಸ್ತಕ ವಾಪಸ್ ಕೇಳಿದ್ರು. ಕೊಟ್ಟೆ. ಅವರ ಮೇಲೆ ಕೋಪ ಇಲ್ಲ, ಅವರ ಜಾಗದಲ್ಲಿ ನಾನಿದ್ರೂ ಬಹುಶಃ ಅದನ್ನೇ ಮಾಡ್ತಿದ್ದೆ.

ಈಗ 13 ಅಂಗಡಿ.

(10/11)
ಒಂದು ಸಲ ಬೇರೆಯವರ ಕೈಗೆ ಹೋದ ಡಿಸ್ಕನ್ನ ಸೋಸಿ ಬಳಸೋಕಾಗಲ್ಲ, ಪೂರ್ತಿ ಒರೆಸಿ ಹಾಕಬೇಕು. ನಾನು ಮಾಡಿದ ಕ್ರಮ ಇದು.

ನೆಟ್ ಕೇಬಲ್ ಕಿತ್ತೆ. ನನ್ನ ಲೆಕ್ಕದ ಫೈಲು, ಪಿಡಿಎಫ್, ಫೋಟೋ ಮಾತ್ರ ಹೊರಗಿನ ಡಿಸ್ಕಿಗೆ ಹಾಕ್ಕೊಂಡೆ. ಒಂದೇ ಒಂದು ಪ್ರೋಗ್ರಾಂ ಫೈಲೂ ಮುಟ್ಟಲಿಲ್ಲ. ತಂಗಿಯ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನ ಸ್ವಂತ ತಾಣದಿಂದಲೇ ಇನ್‌ಸ್ಟಾಲರ್ ಇಳಿಸಿ ಪೆನ್‌ಡ್ರೈವ್ ಮಾಡಿದೆ. ಹಳೇ ಪಾರ್ಟಿಷನ್ ಎಲ್ಲಾ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದೆ. ಲೈಸೆನ್ಸ್ ಬಿಲ್ ಸಮೇತ ಕೊಂಡೆ. ನನ್ನ ಬ್ಯಾಂಕ್, ಇಮೇಲ್ ಪಾಸ್‌ವರ್ಡ್ ಎಲ್ಲಾ ಫೋನಿಂದ ಬದಲಾಯಿಸಿ, ಎಲ್ಲಾ ಕಡೆಯಿಂದ ಲಾಗ್‌ಔಟ್ ಮಾಡಿಸಿದೆ. ಹೊಸ ವಿಂಡೋಸ್ ಎರಡು ದಿನ ಒದ್ದಾಡ್ತು. ಮೂರನೇ ದಿನದಿಂದ ಶೇ 2.

ಆಮೇಲೆ ಬಂಗಾರಪೇಟೆಗೆ ಹೋದೆ. ಬೈಯೋಕೆ ಮಾತು ಜೋಡಿಸ್ಕೊಂಡೇ ಹೋಗಿದ್ದೆ. ಮೀಟರ್ ಲೆಕ್ಕ, ಸ್ಕ್ಯಾನ್ ಫೋಟೋ ಎಲ್ಲಾ ಮುಂದಿಟ್ಟೆ. ಹುಡುಗ ಮೊದಲು "ನಮ್ಮಿಂದ ಬಂದಿರಲ್ಲ ಅಕ್ಕಾ" ಅಂದ. ನಾನು ವಾದ ಮಾಡಲಿಲ್ಲ. ಅವನ ಅಂಗಡಿ ಕಂಪ್ಯೂಟರ್‌ನ ಎಕ್ಸ್‌ಕ್ಲೂಷನ್ಸ್ ಪಟ್ಟಿ ತೆಗಿ ಅಂದೆ.

ತೆಗೆದ. ಸಿ ಡ್ರೈವ್ ಪೂರ್ತಿ.

ಅವನ ಮುಖ ನೋಡಿದ ಮೇಲೆ ಜೋಡಿಸಿಟ್ಟ ಮಾತೆಲ್ಲ ಮರೆತುಹೋಯ್ತು. ಆ ಪೆನ್‌ಡ್ರೈವ್ ಅವನು ಯಾರದ್ದೋ ಹತ್ತಿರ ಕಾಪಿ ಮಾಡ್ಕೊಂಡಿದ್ದು. ಒಂದು ವರ್ಷದಿಂದ ಅದರಲ್ಲೇ ಎಲ್ಲರಿಗೂ ಹಾಕಿಕೊಟ್ಟಿದ್ದಾನೆ. ಬಿಲ್ ಪುಸ್ತಕ ತೆಗೆದ. ಇಬ್ಬರೂ ಕೂತು ಹೆಸರು ಪಟ್ಟಿ ಮಾಡಿದ್ವಿ. ಟೈಪಿಂಗ್ ಸೆಂಟರ್, ಟ್ಯೂಷನ್ ಮನೆ, ಒಂದು ಮೆಡಿಕಲ್ ಸ್ಟೋರ್, ಓದೋ ಮಕ್ಕಳು.

"ಮೊದಲನೇ ಫೋನ್ ನೀವು ಮಾಡಿ ಅಕ್ಕಾ, ಹೇಗೆ ಹೇಳಬೇಕು ಅಂತ ಕೇಳಿಸ್ಕೊಳ್ತೀನಿ" ಅಂದ. ಮಾಡಿದೆ. ಎರಡನೇದರಿಂದ ಅವನೇ ಮಾಡಿದ.

(11/11)
ಕೊನೇ ಫೋಟೋ ಮತ್ತೆ ಅದೇ ಮೂಲೆ. ಈಗ ರಾತ್ರಿ ಕಂಪ್ಯೂಟರ್ ಆಫ್. ಬ್ಯಾಕಪ್ ಸಂಜೆಯೇ ಮುಗಿಸ್ತೀನಿ.

ನಿಮ್ಮ ಹೊಸ ಕಂಪ್ಯೂಟರ್ ಸದಾ ಏದುಸಿರು ಬಿಡ್ತಿದ್ರೆ, ಇದನ್ನ ಸೇವ್ ಮಾಡಿಟ್ಕೊಂಡು ಈ ಕ್ರಮದಲ್ಲಿ ನೋಡಿ.

ಮೊದಲ ಎರಡು ಮೂರು ದಿನ ಬಿಟ್ಟುಬಿಡಿ. ಅಪ್‌ಡೇಟ್ ಪೂರ್ತಿ ಮುಗೀಲಿ.
ಟಾಸ್ಕ್ ಮ್ಯಾನೇಜರ್‌ನಲ್ಲಿ ಮೇಲೆ ಕೂತಿರೋ ಹೆಸರು ನೋಡಿ. ಐಡಲ್ ಪ್ರೋಸೆಸ್ ಲೆಕ್ಕಕ್ಕಿಲ್ಲ.
ಎರಡು ಆಂಟಿವೈರಸ್ ಇದ್ರೆ ಒಂದನ್ನ ತೆಗೀರಿ. ಎರಡೂ ಒಂದೇ ಫೈಲಿಗೆ ಕಿತ್ತಾಡ್ತವೆ.
ಕೂಲರ್, ಪೇಸ್ಟ್, ಗಾಳಿ ಹೋಗೋ ದಾರಿ ಪರೀಕ್ಷಿಸಿ.
ಟಾಸ್ಕ್ ಮ್ಯಾನೇಜರ್ ತೆರೆದ್ರೆ ತಣ್ಣಗಾಗಿ, ಮುಚ್ಚಿದ್ರೆ ಮತ್ತೆ ಕೂಗಿದ್ರೆ, ನೆಟ್ ಕೇಬಲ್ ಕಿತ್ತು ನೋಡಿ. ಆಗಲೂ ತಣ್ಣಗಾದ್ರೆ ಎಕ್ಸ್‌ಕ್ಲೂಷನ್ಸ್ ಪಟ್ಟಿ ತೆಗೀರಿ.
ಕಳ್ಳ ಸಿಕ್ಕಿದ್ರೆ ಡಿಸ್ಕ್ ಒರೆಸಿ, ಪಾಸ್‌ವರ್ಡ್ ಬೇರೆ ಸಾಧನದಿಂದ ಬದಲಾಯಿಸಿ. ಬ್ಯಾಂಕ್‌ನಿಂದ ದುಡ್ಡು ಹೋಗಿದ್ರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.
ಬೇರೆಯವರ ಗುಟ್ಟು ನಿಮ್ಮ ಹತ್ತಿರ ಇದ್ದಿದ್ರೆ ಅವರಿಗೆ ಹೇಳಿ. ಇದು ಎಲ್ಲಕ್ಕಿಂತ ಕಷ್ಟ, ಆದ್ರೂ ಹೇಳಿ.

ಲೈಸೆನ್ಸ್‌ಗೆ ದುಡ್ಡು ಕೊಡೋಕೆ ನಿಜಕ್ಕೂ ಆಗದೇ ಇದ್ರೆ ಲಿನಕ್ಸ್ ಇದೆ, ಅದಕ್ಕೆ ದುಡ್ಡಿಲ್ಲ, ಕಳ್ಳದಾರಿಯೂ ಬೇಡ. ಬ್ರೌಸರ್, ಕನ್ನಡ ಟೈಪಿಂಗ್, ಲೆಕ್ಕದ ಹಾಳೆ ಎಲ್ಲಾ ಅದರಲ್ಲಿದೆ. "ಹಾಗೇ ಹಾಕು" ಅನ್ನೋ ಬದಲು ಅದನ್ನ ಕೇಳಿ.

ಅಪ್ಪ ಈಗಲೂ ರಾತ್ರಿ ಒಂದು ಸಲ ಕೈ ಚಾಚಿ ಕ್ಯಾಬಿನೆಟ್ ಮುಟ್ಟಿ ನೋಡ್ತಾರೆ. ಆಫ್ ಆಗಿದೆ ಅಪ್ಪಾ, ಮಲಗಿ ಅಂತೀನಿ. "ಗೊತ್ತು. ಶಿಫ್ಟ್ ಮುಗೀತಾ ಅಂತ ನೋಡ್ದೆ" ಅಂತಾರೆ.

ನಿಮ್ಮ ಎಕ್ಸ್‌ಕ್ಲೂಷನ್ಸ್ ಪಟ್ಟಿಯಲ್ಲಿ ಏನಿದೆ? ಈಗಲೇ ಎದ್ದು ನೋಡಿ ಬಂದು ಹೇಳಿ, ಕಾಯ್ತಿರ್ತೀನಿ.

#ಕೆಜಿಎಫ್ #ಬಂಗಾರಪೇಟೆ #ರಾಬರ್ಟ್‌ಸನ್‌ಪೇಟೆ #ಕನ್ನಡದಲ್ಲಿ_ಕಂಪ್ಯೂಟರ್ #ಅಪ್ಪ